ಪ್ರೊಪೆಲ್ಲರ್ ಶಾಫ್ಟನ್ನು ಉದ್ದ ಮಾಡಿಸುವುದು: ಮನೆಯ ಕೊಟ್ಟಿಗೆಯಲ್ಲೋ, ವರ್ಕ್‌ಶಾಪಿನಲ್ಲೋ?

ಕೊಯ್ಲಿನ ಕಾಲ ಹತ್ತಿರವಾದಂತೆ ಬೆಳೆಗಾರನಿಗೆ ಗೋಣಿಚೀಲ, ಕಣ, ಆಳುಕಾಳುಗಳ ಚಿಂತೆಯೊಂದಿಗೆ ಗಾಡಿಯ ಚಿಂತೆಯೂ ಅಂಟಿಕೊಳ್ಳುತ್ತದೆ. ಹಳೆಯ ಜೀಪುಗಳನ್ನೂ ಪಿಕಪ್ಪುಗಳನ್ನೂ ಟ್ರಾಕ್ಟರುಗಳನ್ನೂ ರಿಪೇರಿ ಮಾಡಿಸಿಕೊಂಡು ವರ್ಷಾನುಗಟ್ಟಲೆ ಓಡಿಸುವುದು ಮಲೆನಾಡಿನ ಸಣ್ಣ ಹಿಡುವಳಿದಾರರಿಗೆ ಹೊಸತಲ್ಲ. ಗೇಟು, ಏಣಿ, ಪಂಪಿನ ಸ್ಟ್ಯಾಂಡುಗಳ ಕೆಲಸಕ್ಕೆಂದು ಅನೇಕರು ಮನೆಯಲ್ಲೇ ವೆಲ್ಡಿಂಗ್ ಸೆಟ್ ಇಟ್ಟುಕೊಂಡಿದ್ದಾರೆ. ಹೀಗಾಗಿ ಗಾಡಿಯ ಪ್ರೊಪೆಲ್ಲರ್ ಶಾಫ್ಟು ಗಿಡ್ಡವಾಯಿತೆಂದಾಗ, "ನಡುವೆ ಕತ್ತರಿಸಿ, ಒಂದು ತುಂಡು ಪೈಪು ಸೇರಿಸಿ ಬೆಸೆದರಾಯಿತು, ಪೇಟೆಗೇಕೆ ಹೋಗಬೇಕು?" ಎಂಬ ಯೋಚನೆ ಬರುವುದು ಸಹಜವೇ.

ಈ ಯೋಚನೆಯಲ್ಲಿ ಎಷ್ಟು ಸರಿಯಿದೆ, ಎಷ್ಟು ತಪ್ಪಿದೆ, ಯಾವ ಕೆಲಸವನ್ನು ಮನೆಯಲ್ಲಿ ಮಾಡಬಹುದು, ಯಾವುದನ್ನು ಮಾಡಲೇಬಾರದು ಎಂಬುದನ್ನು ಈ ಪಾಠದಲ್ಲಿ ಹಂತಹಂತವಾಗಿ ನೋಡೋಣ.

ಶಾಫ್ಟಿನ ಕೆಲಸವೇನು?

ಗೇರ್‌ಬಾಕ್ಸು ಚಾಸಿಗೆ ಬಿಗಿದಿರುತ್ತದೆ. ಹಿಂದಿನ ಅಚ್ಚು ಪಟ್ಟಾ ಸ್ಪ್ರಿಂಗಿನ ಮೇಲೆ ಕುಳಿತು ಗುಂಡಿಗೊಮ್ಮೆ ಏರಿಳಿಯುತ್ತದೆ. ಒಂದು ಸ್ಥಿರ, ಇನ್ನೊಂದು ಚಲ. ಇವೆರಡರ ನಡುವೆ ಎಂಜಿನ್ನಿನ ಶಕ್ತಿಯನ್ನು ತಿರುಗುತ್ತಲೇ ಸಾಗಿಸುವುದು ಪ್ರೊಪೆಲ್ಲರ್ ಶಾಫ್ಟು. ಅದಕ್ಕೆ ಮುಖ್ಯವಾಗಿ ಮೂರು ಭಾಗಗಳಿವೆ.

ಮೊದಲನೆಯದು ತೆಳು ತಗಡಿನ ಉಕ್ಕಿನ ಕೊಳವೆ. ಎರಡನೆಯದು ಎರಡೂ ತುದಿಯಲ್ಲಿರುವ ಯೂನಿವರ್ಸಲ್ ಜಾಯಿಂಟು, ಅಂದರೆ ನಮ್ಮ ಗ್ಯಾರೇಜುಗಳ ಮಾತಿನಲ್ಲಿ 'ಕ್ರಾಸು'. ಕ್ರಾಸನ್ನು ಹಿಡಿದಿರುವ ಕವಲಿಗೆ ಯೋಕ್ ಎಂದು ಹೆಸರು. ಎತ್ತಿನ ನೊಗಕ್ಕೆ ಇಂಗ್ಲಿಷಿನಲ್ಲಿರುವ ಹೆಸರೇ ಇದಕ್ಕೂ ಬಂದಿದೆ. ಮೂರನೆಯದು ಜಾರುವ ಕೀಲು. ಇದರಲ್ಲಿ ಉದ್ದುದ್ದ ಹಲ್ಲುಗಳಿರುವ ಸ್ಪ್ಲೈನು ಅದೇ ಹಲ್ಲಿನ ತೋಳಿನೊಳಗೆ ಹಿಂದೆ ಮುಂದೆ ಸರಿಯುತ್ತ, ಅಚ್ಚು ಏರಿಳಿದಾಗ ಶಾಫ್ಟಿನ ಉದ್ದವನ್ನು ಹೊಂದಿಸಿಕೊಡುತ್ತದೆ.

ಈ ಕ್ರಾಸು ಹಳೆಯ ಯೋಚನೆ. ಇಟಲಿಯ ಕಾರ್ಡಾನೊ (1501–1576), ಇಂಗ್ಲೆಂಡಿನ ರಾಬರ್ಟ್ ಹುಕ್ (1635–1703) ಇವರ ಹೆಸರುಗಳು ಅದಕ್ಕೆ ಇಂದಿಗೂ ಅಂಟಿಕೊಂಡಿವೆ. ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಎಂಬಾತ 1903ರಲ್ಲಿ ಮೋಟಾರು ಗಾಡಿಗೆ ತಕ್ಕ ಮುಚ್ಚಿದ ಜಾಯಿಂಟಿಗೆ ಪೇಟೆಂಟ್ ಪಡೆದ ಮೇಲೆ, ಗಾಡಿಗಳಲ್ಲಿ ಸರಪಳಿ ಹೋಗಿ ಶಾಫ್ಟು ನೆಲೆನಿಂತಿತು.

ಉದ್ದ ಮಾಡುವ ಪ್ರಸಂಗ ಯಾವಾಗ?

ನಮ್ಮ ಕಡೆ ಸಾಮಾನ್ಯವಾಗಿ ನಾಲ್ಕು ಸಂದರ್ಭಗಳಲ್ಲಿ ಈ ಪ್ರಶ್ನೆ ಏಳುತ್ತದೆ.

1. ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನು ಕೂರಿಸಿದಾಗ, ಅಥವಾ ಬೇರೆ ಗೇರ್‌ಬಾಕ್ಸು ಹಾಕಿದಾಗ. ಗೇರ್‌ಬಾಕ್ಸಿನ ಹಿಂದಿನ ಮುಖ ಎರಡು ಮೂರು ಇಂಚು ಮುಂದೆ ಬಂದರೆ ಶಾಫ್ಟು ಅಷ್ಟೇ ಗಿಡ್ಡವಾಗುತ್ತದೆ.

2. ಹೆಚ್ಚು ಹೇರು ಹೊರಲೆಂದು ಪಟ್ಟಾಗಳನ್ನು ಸೇರಿಸಿ, ಅಥವಾ ಕಲ್ಲುದಾರಿಗೆಂದು ಶ್ಯಾಕಲ್ ಉದ್ದ ಮಾಡಿ ಗಾಡಿಯನ್ನು ಎತ್ತರಿಸಿದಾಗ.

3. ಗುಜರಿಯಿಂದ ಬೇರೆ ಮಾದರಿಯ ಶಾಫ್ಟು ತಂದಾಗ.

4. ಹೆಚ್ಚು ಮೂಟೆ ಹಿಡಿಸಲೆಂದು ಚಾಸಿಯನ್ನೇ ಉದ್ದ ಮಾಡಿದಾಗ. ಇದರ ಬಗ್ಗೆ ಕಾಯ್ದೆಯ ಮಾತನ್ನು ಕೊನೆಯಲ್ಲಿ ಹೇಳಿದೆ.

ಮೊದಲು ಅಳೆಯಿರಿ, ಕತ್ತರಿಸುವ ಮಾತು ಆಮೇಲೆ

ಎಷ್ಟೋ ಗಾಡಿಗಳ ಶಾಫ್ಟನ್ನು ಉದ್ದ ಮಾಡುವ ಅಗತ್ಯವೇ ಇರುವುದಿಲ್ಲ. ಒಂದು ಲೆಕ್ಕ ನೋಡಿ. ಕ್ರಾಸಿನ ನಡುವಿನಿಂದ ಕ್ರಾಸಿನ ನಡುವಿಗೆ ಶಾಫ್ಟು 900 ಮಿ.ಮೀ. ಉದ್ದವಿದ್ದು, ಗೇರ್‌ಬಾಕ್ಸಿನ ತುದಿಗಿಂತ ಹಿಂದಿನ ತುದಿ 150 ಮಿ.ಮೀ. ತಗ್ಗಿನಲ್ಲಿದೆ ಎನ್ನಿ. ಈಗ ಗಾಡಿಯನ್ನು 75 ಮಿ.ಮೀ., ಅಂದರೆ ಮೂರು ಇಂಚು ಎತ್ತರಿಸಿದಿರಿ. ಶಾಫ್ಟು ಎಷ್ಟು ಉದ್ದವಾಗಬೇಕು? ಮೂರು ಇಂಚಲ್ಲ, ಸುಮಾರು 15 ಮಿ.ಮೀ. ಮಾತ್ರ. ಜಾರುವ ಕೀಲಿನಲ್ಲಿ ಅಷ್ಟು ಅವಕಾಶ ಉಳಿದಿದ್ದರೆ ಶಾಫ್ಟನ್ನು ಮುಟ್ಟುವುದೇ ಬೇಡ.

ಆದರೆ ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ಶಾಫ್ಟಿನ ಓರೆ ಮೊದಲು ಸುಮಾರು 9.6 ಡಿಗ್ರಿ ಇದ್ದದ್ದು 14 ಡಿಗ್ರಿ ದಾಟುತ್ತದೆ. ಕ್ರಾಸು ಓರೆಯಾಗಿ ತಿರುಗಿದಾಗ ಆಚೆಯ ತುದಿ ಒಂದೇ ಸಮನಾಗಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿ ಎರಡು ಸಲ ಇಳಿಯುತ್ತದೆ. 9.6 ಡಿಗ್ರಿಯಲ್ಲಿ ಈ ಏರಿಳಿತ ಶೇಕಡಾ ಒಂದೂವರೆಯಷ್ಟು, 14 ಡಿಗ್ರಿಯಲ್ಲಿ ಶೇಕಡಾ ಮೂರರಷ್ಟು, 20 ಡಿಗ್ರಿಯಲ್ಲಿ ಶೇಕಡಾ ಆರಕ್ಕಿಂತ ಹೆಚ್ಚು. ಗಾಡಿ ಎತ್ತರಿಸಿದವರ ಕ್ರಾಸು ಮೇಲಿಂದ ಮೇಲೆ ಸವೆಯುವುದು ಇದೇ ಕಾರಣಕ್ಕೆ. ಅಲ್ಲಿ ರೋಗ ಇರುವುದು ಓರೆಯಲ್ಲಿ. ಉದ್ದ ಮಾಡಿಸಿದರೆ ವಾಸಿಯಾಗದು.

ಅಳತೆಯ ಕ್ರಮ ಹೀಗೆ: ಗಾಡಿ ಸಮತಟ್ಟಾದ ಕಣದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಜಾಕಿಯ ಮೇಲೆ ಎತ್ತಿ ಅಳೆದ ಅಳತೆ ಕೆಲಸಕ್ಕೆ ಬಾರದು; ಅಚ್ಚು ಜೋತುಬಿದ್ದು ಸುಳ್ಳು ಅಳತೆ ಕೊಡುತ್ತದೆ. ಗೇರ್‌ಬಾಕ್ಸಿನ ಫ್ಲ್ಯಾಂಜಿನ ಮುಖದಿಂದ ಹಿಂದಿನ ಫ್ಲ್ಯಾಂಜಿನ ಮುಖಕ್ಕೆ ಮೂರು ಸಲ ಅಳೆದು ಬರೆದಿಡಿ. ಒಮ್ಮೆ ಖಾಲಿ ಗಾಡಿಯಲ್ಲಿ, ಒಮ್ಮೆ ನೀವು ಸಾಮಾನ್ಯವಾಗಿ ಹೇರುವಷ್ಟು ಹೇರಿನಲ್ಲಿ ಅಳೆಯಿರಿ. ನಂತರ ಜಾರುವ ಕೀಲನ್ನು ಪೂರ್ತಿ ಒಳಕ್ಕೆ ತಳ್ಳಿ ಒಂದು ಅಳತೆ, ಪೂರ್ತಿ ಹೊರಕ್ಕೆ ಎಳೆದು ಒಂದು ಅಳತೆ ತೆಗೆದುಕೊಳ್ಳಿ. ಗಾಡಿ ನಿಂತ ಸ್ಥಿತಿಯಲ್ಲಿ ಕೀಲು ಒಳಕ್ಕೂ ಹೊರಕ್ಕೂ ಚಲಿಸಲು ಸ್ಥಳವಿರಬೇಕು. ಒಳಗಡೆ ಸ್ಥಳವಿಲ್ಲದಿದ್ದರೆ ಗುಂಡಿಗೆ ಬಿದ್ದಾಗ ಶಾಫ್ಟು ಗೇರ್‌ಬಾಕ್ಸಿನ ಬೇರಿಂಗನ್ನೇ ಗುದ್ದುತ್ತದೆ. ಹೊರಗಡೆ ಸಾಲದಿದ್ದರೆ ಎರಡು ಮೂರು ಹಲ್ಲಿನುದ್ದದ ಹಿಡಿತದಲ್ಲಿ ತಿರುಗಿ ಸ್ಪ್ಲೈನು ಕಿತ್ತುಹೋಗುತ್ತದೆ.

ಬೇಕಾದದ್ದು ಒಂದು ಇಂಚಿನೊಳಗಿನ ಉದ್ದವಾದರೆ, ಫ್ಲ್ಯಾಂಜುಗಳ ನಡುವೆ ಹಾಕುವ, ಲೇತಿನಲ್ಲಿ ಕಡೆದ ಉಕ್ಕಿನ ಬಿಲ್ಲೆಯಿಂದಲೇ ಕೆಲಸ ಮುಗಿಯಬಹುದು. ಆ ಬಿಲ್ಲೆಯ ಎರಡು ಮುಖಗಳೂ ಸಮಾನಾಂತರವಾಗಿರಬೇಕು, ಅದು ಫ್ಲ್ಯಾಂಜಿನ ಅಂಚಿನಲ್ಲಿ ಕರಾರುವಾಕ್ಕಾಗಿ ಕೂರಬೇಕು. ಬೋಲ್ಟುಗಳು ಬಿಲ್ಲೆಯ ದಪ್ಪದಷ್ಟು ಹೆಚ್ಚು ಉದ್ದದ, ಮೂಲ ಬೋಲ್ಟಿನಷ್ಟೇ ಗಟ್ಟಿಯ ದರ್ಜೆಯವಾಗಿರಬೇಕು. ಗೇಟಿಗೆ ಹಾಕುವ ಮೆದು ಬೋಲ್ಟು ಇಲ್ಲಿ ಸಲ್ಲದು.

ಶಾಫ್ಟಿನ ಮೇಲೆ ಬೀಳುವ ಎರಡು ಬಗೆಯ ಭಾರ

ಮನೆಯಲ್ಲಿ ಬೆಸೆಯಬೇಕೋ ಬೇಡವೋ ಎಂಬುದು ಅಭಿಮಾನದ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಶಾಫ್ಟಿಗೆ ಎರಡು ಪರೀಕ್ಷೆಗಳಿವೆ: ಏರಿನಲ್ಲಿ ಒಂದು, ವೇಗದಲ್ಲಿ ಒಂದು.

ಮೊದಲನೆಯದು ತಿರುಚುವ ಬಲ. ಹಳೆಯ ಜೀಪಿನ ಎಂಜಿನ್ನು ಸುಮಾರು 14 ಕಿಲೋಗ್ರಾಂ-ಮೀಟರಿನಷ್ಟು ತಿರುಚು ಬಲ ಕೊಡುತ್ತದೆ ಎಂದಿಟ್ಟುಕೊಳ್ಳಿ. ಫಸ್ಟ್ ಗೇರಿನಲ್ಲಿ ಅದು 2.8 ಪಟ್ಟು, ಲೋ ಗೇರಿನಲ್ಲಿ ಮತ್ತೆ 2.46 ಪಟ್ಟು ಆಗುತ್ತದೆ. ಗುಣಿಸಿದರೆ ಸುಮಾರು 96. ಅಂದರೆ ಒಂದು ಮೀಟರ್ ಉದ್ದದ ಹಾರೆಯನ್ನು ಶಾಫ್ಟಿಗೆ ಅಡ್ಡ ಕಟ್ಟಿ, ಅದರ ತುದಿಗೆ 50 ಕಿಲೋದ ಎರಡು ಕಾಫಿ ಚೀಲಗಳನ್ನು ತೂಗುಹಾಕಿದಂತೆ. ಲೋ ಗೇರಿನಲ್ಲಿ ಈ ಬಲ ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚಿಹೋಗುತ್ತದೆ ನಿಜ. ಆದರೆ ಮುಂದಿನ ಚಕ್ರ ಕೆಸರಿನಲ್ಲಿ ಜಾರಿತೋ, ಹೆಚ್ಚಿನ ಪಾಲು ಹಿಂದಿನ ಶಾಫ್ಟಿನ ಮೇಲೆಯೇ. ಕ್ಲಚ್ಚನ್ನು ಪಟಕ್ಕನೆ ಬಿಟ್ಟರೆ ಈ ಲೆಕ್ಕಕ್ಕಿಂತಲೂ ಹೆಚ್ಚಿನ ಪೆಟ್ಟು ಬೀಳುತ್ತದೆ. ಬೆಸುಗೆಯ ಹೊಲಿಗೆ ಈ ಬಲವನ್ನು ದಿನವೂ ತಡೆಯಬೇಕು.

ಎರಡನೆಯದು ಸುತ್ತುವ ವೇಗ. ಟೈರಿನ ಸುತ್ತಳತೆ 2.2 ಮೀಟರು, ಹಿಂದಿನ ಅಚ್ಚಿನ ಅನುಪಾತ 5.38 ಇರುವ ಜೀಪು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಶಾಫ್ಟು ನಿಮಿಷಕ್ಕೆ ಸುಮಾರು 2,400 ಸುತ್ತು, ಅಂದರೆ ಸೆಕೆಂಡಿಗೆ 40 ಸುತ್ತು ತಿರುಗುತ್ತದೆ. ಇಲ್ಲಿಯೇ ಮನೆಯ ಬೆಸುಗೆ ಸೋಲುವುದು.

ನೆಲದ ಮೇಲಿಟ್ಟು ಬೆಸೆಯುವಾಗ ಹೊಲಿಗೆ ಶುರುವಾದ ಬದಿ ಮೊದಲು ತಣಿದು ಕುಗ್ಗಿ, ಕೊಳವೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದು ಮೀಟರ್ ಉದ್ದದ ಶಾಫ್ಟಿನ ನಡುವೆ ಅರ್ಧ ಡಿಗ್ರಿಯಷ್ಟು ಸೊಟ್ಟ ಬಂದರೆ ಬರಿಗಣ್ಣಿಗೆ ಕಾಣದು. ಆದರೆ ಅಷ್ಟರಿಂದಲೇ ನಡುಭಾಗ ಎರಡು ಮಿ.ಮೀ. ಆಚೆ ಸರಿಯುತ್ತದೆ, ಇಡೀ ಶಾಫ್ಟಿನ ತೂಕದ ಕೇಂದ್ರ ಸುಮಾರು ಒಂದು ಮಿ.ಮೀ. ಸರಿದಂತಾಗುತ್ತದೆ. ಶಾಫ್ಟು 8 ಕಿಲೋ ತೂಗಿದರೆ, 60 ಕಿ.ಮೀ. ವೇಗದಲ್ಲಿ ಈ ಒಂದು ಮಿ.ಮೀ. ಸುಮಾರು 50 ಕಿಲೋ ಬಲದಿಂದ ಎರಡೂ ತುದಿಯ ಬೇರಿಂಗುಗಳನ್ನು ಸೆಕೆಂಡಿಗೆ 40 ಸಲ ಜಗ್ಗುತ್ತದೆ.

ಈ ಬಲ ವೇಗದ ವರ್ಗದಂತೆ ಬೆಳೆಯುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿ. ಅದೇ ಶಾಫ್ಟು 15 ಕಿ.ಮೀ. ವೇಗದಲ್ಲಿ ಮೂರು ಕಿಲೋದಷ್ಟು ಬಲದಿಂದ ಮಾತ್ರ ಜಗ್ಗುತ್ತದೆ. ಅದು ತೋಟದ ದಾರಿಯ ಕುಲುಕಾಟದಲ್ಲಿ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಬೆಸೆದವರು ಕಣದ ಸುತ್ತ ಎರಡು ಸುತ್ತು ಓಡಿಸಿ "ಬೆಣ್ಣೆಯಂತೆ ಓಡುತ್ತದೆ" ಎನ್ನುವುದು ಇದರಿಂದಲೇ. ಡಾಂಬರು ರಸ್ತೆಗೆ ಇಳಿದಾಗ ನಿಜಬಣ್ಣ ಹೊರಬೀಳುತ್ತದೆ.

ಉದ್ದವೇ ಒಂದು ದೋಷ

ಇನ್ನೊಂದು ಸೂಕ್ಷ್ಮವುಂಟು. ತಿರುಗುವ ಪ್ರತಿ ಕೊಳವೆಗೂ ಒಂದು ಎಲ್ಲೆಯ ವೇಗವಿದೆ. ಅದಕ್ಕೆ ಹತ್ತಿರವಾದಾಗ, ಎಷ್ಟೇ ನೇರವಾಗಿದ್ದರೂ ಕೊಳವೆ ಹಗ್ಗದಾಟದ ಹಗ್ಗದಂತೆ ನಡುವೆ ಬಿಲ್ಲಾಗಿ ಬಾಗುತ್ತದೆ. ಉದ್ದ ಹೆಚ್ಚಿದಂತೆ ಈ ಎಲ್ಲೆ ಉದ್ದದ ವರ್ಗಕ್ಕೆ ವಿಲೋಮವಾಗಿ ಕುಸಿಯುತ್ತದೆ. ಎರಡೂವರೆ ಇಂಚು ವ್ಯಾಸದ, ಸುಮಾರು 2 ಮಿ.ಮೀ. ತಗಡಿನ ಉಕ್ಕಿನ ಕೊಳವೆಗೆ ಲೆಕ್ಕ ಹೀಗಿದೆ:

1 ಮೀಟರ್ ಉದ್ದ: ನಿಮಿಷಕ್ಕೆ ಸುಮಾರು 10,500 ಸುತ್ತು
1.5 ಮೀಟರ್ ಉದ್ದ: ಸುಮಾರು 4,600 ಸುತ್ತು
2 ಮೀಟರ್ ಉದ್ದ: ಸುಮಾರು 2,600 ಸುತ್ತು

ಈ ಎಲ್ಲೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚಿನ ವೇಗಕ್ಕೆ ಹೋಗಬಾರದೆಂಬುದು ರೂಢಿಯ ನಿಯಮ. ಹಾಗಾದರೆ 2 ಮೀಟರಿನ ಶಾಫ್ಟು ಮೇಲೆ ಹೇಳಿದ ಜೀಪಿನಲ್ಲಿ 50 ಕಿ.ಮೀ. ವೇಗಕ್ಕೂ ಯೋಗ್ಯವಲ್ಲ ಎಂದಾಯಿತು. ಉದ್ದನೆಯ ಪಿಕಪ್ಪು, ಲಾರಿಗಳಲ್ಲಿ ಕಂಪನಿಯವರು ಒಂದೇ ಉದ್ದ ಶಾಫ್ಟಿನ ಬದಲು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೂರಿಸಿರುವುದು ಸುಮ್ಮನೆ ಅಲ್ಲ. ಒಂದೆರಡು ಇಂಚು ಸೇರಿಸುವುದು ಬೇರೆ, ಒಂದೂವರೆ ಅಡಿ ಸೇರಿಸುವುದು ಬೇರೆ. ಹೆಚ್ಚು ಉದ್ದ ಬೇಕಾದಲ್ಲಿ ಕೊಳವೆಯ ವ್ಯಾಸವನ್ನು ಹೆಚ್ಚಿಸಬೇಕು, ಅಥವಾ ಎರಡು ತುಂಡು ಮಾಡಬೇಕು. ಇದನ್ನು ತಿಳಿದವರೇ ನಿರ್ಧರಿಸಬೇಕು.

ಮನೆಯ ಕೆಲಸದಲ್ಲಿ ಕಾಣುವ ದೋಷಗಳು

1. ನೀರಿನ ಜಿ.ಐ. ಪೈಪನ್ನು ಸೇರಿಸುವುದು. ಇದು ನೀರು ಹರಿಯಲು ಮಾಡಿದ ಪೈಪು, ತಿರುಚು ಬಲಕ್ಕಲ್ಲ. ತಗಡಿನ ದಪ್ಪ ಸುತ್ತಲೂ ಒಂದೇ ಸಮನಾಗಿ ಇರುವುದಿಲ್ಲ, ಒಳಗೆ ಹೊಲಿಗೆಯ ಏಣು ಇರುತ್ತದೆ. ಮೇಲಾಗಿ ಸತುವಿನ ಲೇಪವನ್ನು ಸುಟ್ಟಾಗ ಏಳುವ ಬಿಳಿ ಹೊಗೆ ಬೆಸೆಯುವವನಿಗೆ ಚಳಿಜ್ವರ ತರಿಸುತ್ತದೆ.

2. ನಡುಭಾಗದಲ್ಲಿ ಕತ್ತರಿಸಿ ಜೋಡಿಸುವುದು. ಬಾಗು ಹೆಚ್ಚಾಗುವ ಜಾಗವೇ ನಡುಭಾಗ. ಅಲ್ಲಿ ಹೊಲಿಗೆ ಇರಬಾರದು.

3. ಯೋಕುಗಳನ್ನು ಓರೆಯಾಗಿ ಕೂರಿಸುವುದು. ಸಾಮಾನ್ಯವಾಗಿ ಶಾಫ್ಟಿನ ಎರಡು ತುದಿಯ ಯೋಕುಗಳೂ ಒಂದೇ ಸಮತಲದಲ್ಲಿರಬೇಕು. ಆಗ ಮುಂದಿನ ಕ್ರಾಸು ತಂದ ವೇಗದ ಏರಿಳಿತವನ್ನು ಹಿಂದಿನ ಕ್ರಾಸು ಕಳೆದುಹಾಕುತ್ತದೆ. ಒಂದು ಯೋಕು ತಿರುಗಿ ಕೂತರೆ ಕಳೆಯುವ ಬದಲು ಕೂಡಿಸುತ್ತದೆ. ಕೀಲನ್ನು ಬಿಚ್ಚಿ ಗ್ರೀಸು ಹಚ್ಚಿ ಒಂದು ಹಲ್ಲು ತಪ್ಪಿಸಿ ಸೇರಿಸಿದರೂ ಇದೇ ತೊಂದರೆ.

4. ಕ್ರಾಸು ಜೋಡಿಸಿರುವಾಗಲೇ ಬೆಸೆಯುವುದು. ಅರ್ತ್ ಕ್ಲಾಂಪನ್ನು ಆಚೆ ಬದಿಗೆ ಹಾಕಿದರೆ ಕರೆಂಟು ಕ್ರಾಸಿನ ಕಪ್ಪಿನೊಳಗಿನ ಸೂಜಿ ರೋಲರುಗಳ ಮೂಲಕ ಹರಿದು ಅವುಗಳಲ್ಲಿ ಗುಳಿ ಬೀಳಿಸುತ್ತದೆ. ಹೊಸ ಕ್ರಾಸು ಕೆಲವೇ ದಿನದಲ್ಲಿ ಕಟಕಟ ಎನ್ನುತ್ತದೆ.

5. ಕೆಂಪಗಿರುವ ಹೊಲಿಗೆಗೆ ನೀರು ಹೊಯ್ಯುವುದು. ಹೊಲಿಗೆಯ ಅಂಚು ಗಡುಸಾಗಿ, ಗಾಜಿನಂತೆ ಬಿರಿಯುವ ಗುಣ ಬರುತ್ತದೆ.

6. ಬ್ಯಾಲೆನ್ಸ್ ಮಾಡಿಸದೆ ಹಾಕುವುದು. ಕಂಪನಿ ಶಾಫ್ಟಿಗೆ ಅಂಟಿಸಿದ ಚಿಕ್ಕ ತಗಡಿನ ತುಂಡುಗಳನ್ನು ಕಸವೆಂದು ಕಿತ್ತೆಸೆಯುವವರೂ ಇದ್ದಾರೆ. ಅವೇ ಶಾಫ್ಟಿನ ತೂಕದ ಲೆಕ್ಕ ಎಂಬುದನ್ನು ಮರೆಯಬಾರದು.

ವರ್ಕ್‌ಶಾಪಿನಲ್ಲಿ ಏನು ಮಾಡುತ್ತಾರೆ?

ಒಳ್ಳೆಯ ಶಾಫ್ಟ್ ವರ್ಕ್‌ಶಾಪಿನಲ್ಲಿ ಹಳೆಯ ಕೊಳವೆಗೆ ತುಂಡು ಸೇರಿಸುವುದಿಲ್ಲ, ಕೊಳವೆಯನ್ನೇ ಬದಲಿಸುತ್ತಾರೆ. ಲೇತಿಗೆ ಕೊಟ್ಟು ತುದಿಯ ಹೊಲಿಗೆಯನ್ನು ಮಾತ್ರ ಕಡೆದು ಯೋಕನ್ನು ಹೊರತೆಗೆಯುತ್ತಾರೆ. ಬೇಕಾದ ಉದ್ದದ ಹೊಸ ಶಾಫ್ಟ್ ಕೊಳವೆಯೊಳಕ್ಕೆ ಯೋಕಿನ ಮೋಟನ್ನು ಒತ್ತಿ ಬಿಗಿಯಾಗಿ ಕೂರಿಸುತ್ತಾರೆ. ಎರಡೂ ಯೋಕುಗಳ ಸಮತಲವನ್ನು ನೋಡಿ, ನಾಲ್ಕು ಕಡೆ ಚುಕ್ಕೆ ಬೆಸುಗೆ ಹಾಕಿ, ತಿರುಗಿಸುತ್ತ ಡಯಲ್ ಗೇಜಿನಲ್ಲಿ ಓಟ ನೋಡುತ್ತಾರೆ. ಸೊಟ್ಟವಿದ್ದರೆ ಆಗಲೇ ತಿದ್ದುತ್ತಾರೆ. ಆಮೇಲೆ ಶಾಫ್ಟು ನಿಧಾನವಾಗಿ ತಿರುಗುತ್ತಿರುವಂತೆಯೇ ಸುತ್ತಲೂ ಒಂದೇ ಸಮನಾದ ಹೊಲಿಗೆ ಹಾಕಿ, ಮತ್ತೆ ಗೇಜು ಹಿಡಿದು, ಕೊನೆಗೆ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಓಡಿಸಿ ಹಗುರ ಬದಿಗೆ ತೂಕದ ತುಂಡು ಬೆಸೆಯುತ್ತಾರೆ.

ಮನೆಯಲ್ಲಿ ಇಲ್ಲದ್ದು ವೆಲ್ಡಿಂಗ್ ಸೆಟ್ ಅಲ್ಲ; ಲೇತು, ಡಯಲ್ ಗೇಜು, ಬ್ಯಾಲೆನ್ಸಿಂಗ್ ಯಂತ್ರ ಈ ಮೂರು. ಪೇಟೆಯಲ್ಲೂ ಇವು ಮೂರೂ ಇಲ್ಲದ ಅಂಗಡಿ ನಿಮ್ಮ ಕೊಟ್ಟಿಗೆಗಿಂತ ಮೇಲೇನಲ್ಲ. ಆದುದರಿಂದ ಬೋರ್ಡು ನೋಡಬೇಡಿ, ಈ ಪ್ರಶ್ನೆಗಳನ್ನು ಕೇಳಿ: ಕೊಳವೆ ಹೊಸದೋ, ತುಂಡು ಜೋಡಿಸುತ್ತೀರೋ? ಓಟ ಎಷ್ಟರೊಳಗೆ ತರುತ್ತೀರಿ? ಬ್ಯಾಲೆನ್ಸ್ ಇಲ್ಲಿಯೇ ಮಾಡುತ್ತೀರೋ, ಹೊರಗೆ ಕಳುಹಿಸುತ್ತೀರೋ? ಸಣ್ಣ ಗಾಡಿಯ ಶಾಫ್ಟಿಗೆ ಓಟ ಅರ್ಧ ಮಿ.ಮೀ. ಮೀರಬಾರದು, ಕಾಲು ಮಿ.ಮೀ. ಬಂದರೆ ಉತ್ತಮ.

ದೂರದ ಮಾತಿಗೆ ಉಪಾಯ

"ಅಂಥ ವರ್ಕ್‌ಶಾಪು ಅರವತ್ತು ಮೈಲಿ ಆಚೆ ಇದೆ, ಕೊಯ್ಲು ನಿಲ್ಲುತ್ತದೆ" ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಹೋಗಬೇಕಾದ್ದು ಶಾಫ್ಟು, ಗಾಡಿಯಲ್ಲ. ಒಬ್ಬ ಹೊರಬಲ್ಲ ಸಾಮಾನನ್ನು ಗೋಣಿ ಸುತ್ತಿ ಬಸ್ಸಿನಲ್ಲಿ ಒಯ್ಯಬಹುದು. ಅಳತೆ ಬರೆದ ಚೀಟಿಯನ್ನು ಅದಕ್ಕೇ ಕಟ್ಟಿರಿ. ಊರಿನ ಇಬ್ಬರು ಮೂವರು ಸೇರಿ ಒಮ್ಮೆಗೇ ಕಳುಹಿಸಿದರೆ ಬಸ್ ಖರ್ಚೂ ಹಂಚಿಹೋಗುತ್ತದೆ. ಇದನ್ನು ಮಳೆಗಾಲದಲ್ಲಿ, ಗಾಡಿಗೆ ಕೆಲಸ ಕಡಿಮೆ ಇರುವಾಗ ಮಾಡಿಸಿಕೊಂಡರೆ ಕೊಯ್ಲಿಗೆ ಅಡ್ಡಿಯೇ ಇಲ್ಲ. ಕೆಲವೊಮ್ಮೆ ಅದೇ ಕಂಪನಿಯ ಉದ್ದ ಚಾಸಿಯ ಮಾದರಿಯ ಶಾಫ್ಟೇ ನಿಮ್ಮ ಅಳತೆಗೆ ಸರಿಹೊಂದುತ್ತದೆ. ಫ್ಲ್ಯಾಂಜಿನ ತೂತು, ಕ್ರಾಸಿನ ಅಳತೆ, ಸ್ಪ್ಲೈನು ಮೂರೂ ಸರಿಯಾಗಿದ್ದರೆ ಕತ್ತರಿಸುವ ಪ್ರಮೇಯವೇ ಇಲ್ಲ.

ಮನೆಯಲ್ಲಿ ಮಾಡಬಹುದಾದ ಕೆಲಸ

ಅಳತೆ, ಬಿಚ್ಚುವುದು, ಗುರುತು ಹಾಕುವುದು, ಕ್ರಾಸು ಬದಲಿಸುವುದು, ಮರುಜೋಡಣೆ, ಪರೀಕ್ಷೆ ಇವೆಲ್ಲ ಮನೆಯ ಕೆಲಸಗಳೇ. ಆದರೆ ಬಿಚ್ಚುವ ಮುನ್ನ ಒಂದು ಎಚ್ಚರಿಕೆ. ಇದನ್ನು ಮನೆಯ ಹುಡುಗರಿಗೂ ಓದಿ ಹೇಳಿ.

ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ. ಗೇರ್‌ಬಾಕ್ಸಿನ ಹಿಂದೆ, ಶಾಫ್ಟು ಹೊರಡುವ ಜಾಗದ ಡ್ರಮ್ಮಿನಲ್ಲಿದೆ. ಅದು ಚಕ್ರವನ್ನು ಹಿಡಿಯುವುದು ಶಾಫ್ಟಿನ ಮೂಲಕವೇ. ಶಾಫ್ಟಿನ ಕೊನೆಯ ಬೋಲ್ಟು ಬಿಚ್ಚಿದ ಕ್ಷಣ ಹ್ಯಾಂಡ್‌ಬ್ರೇಕೂ ಇಲ್ಲ, ಗೇರಿನಲ್ಲಿ ನಿಲ್ಲಿಸಿದ್ದರ ಹಿಡಿತವೂ ಇಲ್ಲ. ಇಳಿಜಾರಿನಲ್ಲಿದ್ದರೆ ಗಾಡಿ ಕೆಳಗೆ ಮಲಗಿದವನ ಮೇಲೆ ಹರಿಯುತ್ತದೆ. ಆದ್ದರಿಂದ ಸಮತಟ್ಟು ನೆಲ, ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಮರದ ಅಡ್ಡಗಟ್ಟೆ. ಇವಿಲ್ಲದೆ ಸ್ಪ್ಯಾನರ್ ಮುಟ್ಟಬೇಡಿ.

ಓಡುವಾಗ ಶಾಫ್ಟು ತುಂಡಾದರೂ ಇದೇ ಕಥೆ. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದು ಸೆಕೆಂಡ್ ಗೇರಿನ ಹಿಡಿತ. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಗಾಡಿಯಲ್ಲಿ ಶಾಫ್ಟು ಹೋದರೆ ಆ ಹಿಡಿತ ಪೂರ್ತಿ ತಪ್ಪುತ್ತದೆ, ಎಲ್ಲ ಭಾರವೂ ಕಾಲಿನ ಬ್ರೇಕಿನ ಮೇಲೆ ಬೀಳುತ್ತದೆ. ಮುಂದಿನ ತುದಿ ಕಳಚಿ ನೆಲಕ್ಕೆ ಕುತ್ತಿದರೆ ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು. ಒಡೆದ ತುದಿ ಬೀಸಿದರೆ ಬ್ರೇಕಿನ ಪೈಪೂ ಹರಿಯಬಹುದು. ಹಿಂದೆ ಕುಳಿತ ಆಳುಗಳ ಜೀವ ಆ ಒಂದು ಹೊಲಿಗೆಯ ಮೇಲೆ ನಿಂತಿದೆ. ಮುಂದಿನ ತುದಿಯ ಸಮೀಪ ಶಾಫ್ಟಿನ ಸುತ್ತ ಚಾಸಿಗೆ ಬಿಗಿದ ದಪ್ಪ ಪಟ್ಟಿಯ ಬಳೆಯೊಂದನ್ನು ಹಾಕಿಸಿದರೆ, ಕಳಚಿದ ಶಾಫ್ಟು ನೆಲಕ್ಕೆ ಬೀಳದು. ಈ ಸಣ್ಣ ಕೆಲಸಕ್ಕೆ ನಿಮ್ಮ ಮನೆಯ ವೆಲ್ಡಿಂಗ್ ಸೆಟ್ ಧಾರಾಳವಾಗಿ ಸಾಕು.

ಬಿಚ್ಚುವಾಗ ಫ್ಲ್ಯಾಂಜಿಗೂ ಶಾಫ್ಟಿಗೂ, ಜಾರುವ ಕೀಲಿನ ಎರಡೂ ಭಾಗಗಳಿಗೂ ಪಂಚಿನಿಂದ ಗುರುತು ಹೊಡೆಯಿರಿ. ಸೀಮೆಸುಣ್ಣದ ಗುರುತು ಎಣ್ಣೆಗೆ ಅಳಿಸಿಹೋಗುತ್ತದೆ. ಕ್ರಾಸಿನ ಕಪ್ಪುಗಳು ಉದುರದಂತೆ ದಾರದಿಂದ ಕಟ್ಟಿ.

ಶಾಫ್ಟು ಮರಳಿ ಬಂದ ಮೇಲೆ ನೋಡಬೇಕಾದ್ದು: ಯೋಕುಗಳು ಒಂದೇ ಸಾಲಿನಲ್ಲಿವೆಯೇ? ಹೊಲಿಗೆ ಸುತ್ತಲೂ ತುಂಬಿದೆಯೇ? ಉದ್ದ ಚೀಟಿಗೆ ಸರಿಯೇ? ಕ್ರಾಸು ಕೈಯಲ್ಲಿ ಎಲ್ಲ ಕಡೆ ಸಲೀಸಾಗಿ ತಿರುಗುತ್ತದೆಯೇ? ಗ್ರೀಸ್ ನಿಪ್ಪಲಿಗೆ ಗನ್ ಹಿಡಿದಾಗ ನಾಲ್ಕೂ ಕಪ್ಪಿನಿಂದ ಗ್ರೀಸು ಹೊರಬರುತ್ತದೆಯೇ? ಎಲ್ಲ ಸರಿಯಿದ್ದರೆ ಜೋಡಿಸಿ, ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ.

ರಸ್ತೆಯಲ್ಲಿ ನಡುಕ ಕಂಡರೆ ಹೀಗೆ ಪರೀಕ್ಷಿಸಿ. ನೇರ, ಸಮತಟ್ಟಾದ, ಜನವಿಲ್ಲದ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ನ್ಯೂಟ್ರಲ್ ಮಾಡಿ. ನಡುಕ ಹಾಗೆಯೇ ಉಳಿದರೆ ದೋಷ ಶಾಫ್ಟಿನಲ್ಲೋ ಚಕ್ರದಲ್ಲೋ ಇದೆ. ನಿಂತುಹೋದರೆ ಎಂಜಿನ್, ಕ್ಲಚ್ಚಿನ ಕಡೆ ನೋಡಿ. ಘಾಟಿಯಲ್ಲಿ ಮಾತ್ರ ಎಂದಿಗೂ ಈ ಪರೀಕ್ಷೆ ಮಾಡಬೇಡಿ.

ಟ್ರಾಕ್ಟರ್ ಇರುವವರಿಗೆ ಎರಡು ಮಾತು

ಸ್ಪ್ರೇಯರು, ರೋಟವೇಟರುಗಳಿಗೆ ಹೋಗುವ ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ಮಾತ್ರ ತಿರುಗುತ್ತದೆ. ಅದು ಒಂದರೊಳಗೊಂದು ಸರಿಯುವ ಎರಡು ಕೊಳವೆಗಳಿಂದಾಗಿದೆ. ಇದನ್ನು ಗಿಡ್ಡ ಮಾಡುವುದು ಮನೆಯಲ್ಲೇ ಸಾಧ್ಯ: ಒಳ, ಹೊರ ಕೊಳವೆಗಳನ್ನೂ ಅವುಗಳ ಪ್ಲಾಸ್ಟಿಕ್ ಕವಚಗಳನ್ನೂ ಸಮವಾಗಿ ಕತ್ತರಿಸಿ, ಅರದಿಂದ ಅಂಚು ಉಜ್ಜಿ ಗ್ರೀಸು ಹಚ್ಚಿದರೆ ಆಯಿತು. ಉದ್ದ ಮಾಡಲು ಮಾತ್ರ ಬೆಸೆಯಬೇಡಿ. ಬೆಸೆದ ಜಾಗದಲ್ಲಿ ಕೊಳವೆ ಒಳಗೆ ಸರಿಯುವುದಿಲ್ಲ. ಉದ್ದದ ಶಾಫ್ಟನ್ನೇ ಕೊಳ್ಳಿ. ಕೆಲಸದ ಸ್ಥಿತಿಯಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ಮೂರನೆಯ ಒಂದು ಪಾಲಾದರೂ ಹೊಕ್ಕಿರಬೇಕು.

540 ಸುತ್ತು ಕಡಿಮೆಯೆಂದು ಉದಾಸೀನ ಬೇಡ. ಅದು ಸೆಕೆಂಡಿಗೆ 9 ಸುತ್ತು. ಎರಡು ಇಂಚಿನ ಶಾಫ್ಟು ಒಂದು ಸೆಕೆಂಡಿನಲ್ಲಿ ಒಂದೂವರೆ ಮೀಟರಿನಷ್ಟು ಬಟ್ಟೆಯನ್ನು ಸುತ್ತಿಕೊಳ್ಳುತ್ತದೆ. ಪಂಚೆಯ ತುದಿ, ಸೀರೆಯ ಸೆರಗು, ತಲೆಗೆ ಸುತ್ತಿದ ಟವೆಲು ಸಿಕ್ಕಿದರೆ ಕೂಗುವಷ್ಟೂ ಸಮಯವಿರದು. ಕವಚ ಇಲ್ಲದ ಶಾಫ್ಟನ್ನು ಓಡಿಸಲೇಬೇಡಿ.

ಕಾಯ್ದೆಯ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗಿರುವ ಅಂತರ ನೋಂದಣಿ ವಿವರಗಳಲ್ಲಿ ಸೇರಿದೆ. ಆದ್ದರಿಂದ ಚಾಸಿ ಉದ್ದ ಮಾಡುವುದು ಕಾಯ್ದೆಗೆ ವಿರುದ್ಧ. ಬೇರೆ ಬಗೆಯ ಎಂಜಿನ್ನು ಕೂರಿಸುವ ಮುನ್ನ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಪಡೆದು ಪುಸ್ತಕದಲ್ಲಿ ನಮೂದಿಸಿಕೊಳ್ಳಿ. ಇಲ್ಲವಾದರೆ ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ನಾವೇ ದಾರಿ ಮಾಡಿಕೊಟ್ಟಂತೆ.

ನೆನಪಿಡಬೇಕಾದ ಅಂಶಗಳು

1. ಚಕ್ರದ ಮೇಲೆ ನಿಂತ ಗಾಡಿಯಲ್ಲಿ ಮೂರು ಸಲ ಅಳೆಯಿರಿ. ಉದ್ದ ಮಾಡುವ ಅಗತ್ಯವೇ ಇಲ್ಲದಿರಬಹುದು.
2. ಒಂದು ಇಂಚಿನೊಳಗಾದರೆ ಬಿಲ್ಲೆ. ಅದಕ್ಕಿಂತ ಹೆಚ್ಚಾದರೆ ಹೊಸ ಕೊಳವೆ, ಇಲ್ಲವೇ ಬೇರೆ ಮಾದರಿಯ ಶಾಫ್ಟು.
3. ಕತ್ತರಿಸುವುದು, ಬೆಸೆಯುವುದು, ಬ್ಯಾಲೆನ್ಸು ವರ್ಕ್‌ಶಾಪಿನ ಕೆಲಸ. ಅಳೆಯುವುದು, ಬಿಚ್ಚುವುದು, ಜೋಡಿಸುವುದು, ಗ್ರೀಸು ಮನೆಯ ಕೆಲಸ.
4. ಚಕ್ರಕ್ಕೆ ಅಡ್ಡಗಟ್ಟೆ ಕೊಡದೆ ಶಾಫ್ಟು ಬಿಚ್ಚಬೇಡಿ.
5. ತೋಟದೊಳಗೆ ಸರಿಯಾಗಿ ಓಡಿದ್ದು ರಸ್ತೆಗೆ ಸರಿಯೆಂದು ನಂಬಬೇಡಿ.

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರು ಅಚ್ಚು ಕೂರಿಸಲು ಬಡಗಿಯ ಮನೆಗೆ ಹೋಗುತ್ತಿದ್ದರು, ಚಕ್ರಕ್ಕೆ ಪಟ್ಟಿ ಕಟ್ಟಿಸಲು ಕಮ್ಮಾರನ ಕುಲುಮೆಗೆ ಹೋಗುತ್ತಿದ್ದರು, ಕೀಲೆಣ್ಣೆಯನ್ನು ಮಾತ್ರ ತಾವೇ ಹಾಕುತ್ತಿದ್ದರು. ಅದೇ ವಿವೇಕ ಇಂದಿನ ಶಾಫ್ಟಿಗೂ ಸಲ್ಲುತ್ತದೆ.